ಕೌದಿ ಹೊಲಿಗೆ ಕಲಿಸುವ ವಿಡಿಯೋ ಮಾಡಲು ಫೋನು, ಅಡಿಕೆ ದಬ್ಬೆ, ಜಗಲಿ ಬೆಳಕು ಸಾಕು

ಹೊಲಿಗೆಯ ವಿಡಿಯೋಗಳಲ್ಲಿ ಎರಡು ಥರ. ಒಂದು, ಊಟ ಆದ ಮೇಲೆ ಒರಗಿಕೊಂಡು ನೋಡುವಂಥದ್ದು. ಬಣ್ಣಬಣ್ಣದ ಬಟ್ಟೆ, ಹಿಂದೆ ಕೊಳಲು, ಸರಸರ ಓಡುವ ಕೈ, ಕೊನೆಗೆ ಗೋಡೆ ತುಂಬ ಹರಡಿದ ಕೌದಿ. ನೋಡಲು ಚಂದ, ಕಲಿಯಲು ಏನೂ ಸಿಗುವುದಿಲ್ಲ. ಇನ್ನೊಂದು, ನೋಡುತ್ತಾ ಹೊಲಿಯುವಂಥದ್ದು. ನೋಡುವವಳು ತೊಡೆ ಮೇಲೆ ಬಟ್ಟೆ ಹರಡಿಕೊಂಡಿದ್ದಾಳೆ, ಫೋನನ್ನು ಯಾವುದೋ ಸ್ಟೀಲ್ ಡಬ್ಬಿಗೆ ಒರಗಿಸಿದ್ದಾಳೆ, ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಬಟ್ಟೆ. ಪದೇ ಪದೇ ನಿಲ್ಲಿಸಿ ಹಿಂದಕ್ಕೆ ಎಳೆಯಲು ಅವಳಿಗೆ ಮೂರನೇ ಕೈ ಇಲ್ಲ.

ಇಲ್ಲಿ ಹೇಳುವುದೆಲ್ಲ ಈ ಎರಡನೇ ಥರದ ವಿಡಿಯೋ ಬಗ್ಗೆ. ಕ್ಯಾಮೆರಾ ಎಲ್ಲಿಡಬೇಕು, ಎಷ್ಟು ನಿಧಾನ ಮಾಡಬೇಕು, ಏನು ಮಾತಾಡಬೇಕು ಅಂತ ಗೊಂದಲ ಬಂದಾಗೆಲ್ಲ ಆ ಡಬ್ಬಿಗೆ ಒರಗಿಸಿಟ್ಟ ಫೋನನ್ನು ನೆನಪು ಮಾಡಿಕೊಳ್ಳಿ. ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಕೌದಿ ಅಂದರೆ ಮೊದಲು ನೆನಪಾಗುವುದು ಉತ್ತರ ಕರ್ನಾಟಕ, ಬಯಲುಸೀಮೆ. ಮಲೆನಾಡಿನಲ್ಲಿ ಕಂಬಳಿಯದ್ದೇ ದರ್ಬಾರು. ಆದರೂ ಹಳೇ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆ ನಮ್ಮ ಕಡೆಯೂ ಸಿಗುತ್ತದೆ, ಮಳೆಗಾಲದಲ್ಲಿ ಮನೆಯೊಳಗೇ ಕೂತು ಮಾಡಬಹುದಾದ ಕೆಲಸ ಬೇರೆ. ವಿಡಿಯೋ ಮಾಡಲೂ ಅದೇ ಒಳ್ಳೆಯ ಕಾಲ. ಕ್ಯಾಮೆರಾ, ಲೈಟು, ಮೈಕು ಅಂತ ಆನ್‌ಲೈನಿನಲ್ಲಿ ಬೆಲೆ ನೋಡುತ್ತಾ ಕೂತರೆ ಮಳೆ ಹೋಗಿ ಅಡಿಕೆ ಕೊಯ್ಲು ಬಂದುಬಿಡುತ್ತದೆ. ಆಮೇಲೆ ಯಾರಿಗೆ ಪುರುಸೊತ್ತು?

ಇಡೀ ಕೌದಿ ಬೇಡ, ಒಂದು ತುಂಡು ಸಾಕು

ಮೊದಲ ವಿಡಿಯೋದಲ್ಲೇ ‘ಕೌದಿ ಹೊಲಿಯುವುದು ಹೇಗೆ’ ಅಂತ ಪೂರ್ತಿ ಹೇಳಲು ಹೋಗಬೇಡಿ. ಅದು ವಾರಗಟ್ಟಲೆ ಹಿಡಿಯುವ ಕೆಲಸ. ಆರಡಿ ಉದ್ದದ ಬಟ್ಟೆ ಫೋನಿನ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೆ ಹೊಲಿಗೆ ಕಾಣುವುದಿಲ್ಲ. ಅದರ ಬದಲು ಹನ್ನೆರಡು ಇಂಚಿನ ಒಂದು ಚೌಕ ಮಾಡಿಕೊಳ್ಳಿ. ಮೇಲೊಂದು ಬಟ್ಟೆ, ಒಳಗೆ ಹಳೇ ಸೀರೆಯ ಎರಡು ಮೂರು ಪದರ, ಕೆಳಗೊಂದು ಬಟ್ಟೆ. ಕೌದಿಯಲ್ಲಿ ಬರುವ ಎಲ್ಲ ಕೆಲಸವೂ ಈ ತುಂಡಿನಲ್ಲಿ ಬರುತ್ತದೆ. ಅಂಚು ಮಡಚುವುದು, ಪದರ ಸರಿಯದ ಹಾಗೆ ತಾತ್ಕಾಲಿಕ ಕಚ್ಚಾ ಹೊಲಿಗೆ ಹಾಕುವುದು, ಸಾಲು ಹೊಲಿಯುವುದು, ಮೂಲೆ ತಿರುಗಿಸುವುದು, ತೇಪೆ ಕೂರಿಸುವುದು, ದಾರ ಮುಗಿದಾಗ ಹೊಸದು ಸೇರಿಸುವುದು. ಒಂದೊಂದೂ ಒಂದೊಂದು ವಿಡಿಯೋ. ಐದಾರು ನಿಮಿಷದ ಒಂದು ವಿಡಿಯೋದಲ್ಲಿ ಮೂಲೆ ತಿರುಗಿಸುವುದನ್ನು ಮಾತ್ರ ಸರಿಯಾಗಿ ತೋರಿಸಿದರೂ ನೋಡಿದವರಿಗೆ ಉಪಕಾರ ಆಗುತ್ತದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಯಾವುದೂ ತಲೆಗೆ ಹೋಗುವುದಿಲ್ಲ.

ಇಂಥ ತುಂಡು ಎರಡು ಮೂರು ಮಾಡಿಟ್ಟುಕೊಳ್ಳಿ, ಒಂದೊಂದು ಒಂದೊಂದು ಹಂತದಲ್ಲಿ ನಿಂತಿರಲಿ. ಅಡುಗೆ ಕಾರ್ಯಕ್ರಮದವರು ಬೇಯಿಸಿಟ್ಟ ಪಾತ್ರೆಯನ್ನು ಒಳಗಿನಿಂದ ತರುತ್ತಾರಲ್ಲ, ಹಾಗೆ. ‘ಇದೇ ಥರ ನಾಲ್ಕೂ ಕಡೆ ಮುಗಿಸಿ’ ಅಂದು ಮುಗಿದಿರುವ ತುಂಡನ್ನು ಮುಂದಿಟ್ಟರೆ ಆಯಿತು.

ಬಟ್ಟೆ ಆರಿಸುವಾಗ ಮನಸ್ಸಿಗೆ ಸ್ವಲ್ಪ ಕಡಿವಾಣ ಬೇಕು. ನಮಗೆ ಇಷ್ಟವಾದ ಕಡು ನೀಲಿ ಸೀರೆ, ಅದಕ್ಕೆ ಹೊಂದುವ ನೀಲಿ ದಾರ, ಕೌದಿಗೆ ಚಂದ. ವಿಡಿಯೋದಲ್ಲಿ ಮಾತ್ರ ಹೊಲಿಗೆ ಪೂರಾ ಮಾಯ. ಕಲಿಸುವ ತುಂಡಿಗೆ ತಿಳಿ ಬಣ್ಣದ, ಹೂಬಳ್ಳಿ ಇಲ್ಲದ ಬಟ್ಟೆ, ಅದರ ಮೇಲೆ ಎದ್ದು ಕಾಣುವ ಕೆಂಪೋ ಕಪ್ಪೋ ದಾರ ತೆಗೆದುಕೊಳ್ಳಿ. ಸಣ್ಣ ಸಣ್ಣ ಚೌಕಳಿ, ಒತ್ತಾದ ಗೆರೆ ಇರುವ ಬಟ್ಟೆ ಬೇಡವೇ ಬೇಡ. ಫೋನಿನ ಸೆನ್ಸರಿನ ಚುಕ್ಕಿಗಳಿಗೂ ಬಟ್ಟೆಯ ಗೆರೆಗಳಿಗೂ ತಾಳ ತಪ್ಪಿ ಪರದೆ ಮೇಲೆ ಅಲೆ ಅಲೆಯಾಗಿ ಏನೋ ಹರಿದಾಡುತ್ತದೆ, ನೋಡುವವರಿಗೆ ಕಣ್ಣು ಕಟ್ಟುತ್ತದೆ. ಅಂಥದ್ದೇ ಬಟ್ಟೆ ಬಳಸಬೇಕಾಗಿ ಬಂದರೆ ಫೋನನ್ನು ಸ್ವಲ್ಪ ಹತ್ತಿರ ತನ್ನಿ, ಇಲ್ಲವೇ ಬಟ್ಟೆಯನ್ನು ಓರೆ ಮಾಡಿ, ಅಲೆ ಕಡಿಮೆಯಾಗುತ್ತದೆ. ಹಾಗೆಯೇ, ಹಳೇ ಸೀರೆ ಒಗೆದು ಒಗೆದು ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಹೊಸ ಹತ್ತಿ ಬಟ್ಟೆ ತಂದಿದ್ದರೆ ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಇಸ್ತ್ರಿ ಮಾಡಿಯೇ ಬಳಸಿ. ಇದನ್ನು ವಿಡಿಯೋದಲ್ಲೂ ಒಂದು ಮಾತು ಹೇಳಿಬಿಡಿ. ಹೊಲಿದ ಮೇಲೆ ಒಂದು ಬಟ್ಟೆ ಕುಗ್ಗಿ ಇನ್ನೊಂದು ಹಾಗೇ ಉಳಿದರೆ ಕೌದಿ ಸೊಟ್ಟ ಆಗುತ್ತದೆ, ಬೈಸಿಕೊಳ್ಳುವುದು ನೀವು.

ಫೋನು ಎಲ್ಲಿರಬೇಕು

ಹೊಲಿಯುವವಳ ಎದುರಿಗೆ ಫೋನಿಟ್ಟರೆ ಎಲ್ಲ ಉಲ್ಟಾ ಕಾಣುತ್ತದೆ. ಅವಳ ಬಲ ನಿಮಗೆ ಎಡ, ಸೂಜಿ ಅವಳಿಂದ ದೂರ ಹೋದರೆ ಪರದೆಯಲ್ಲಿ ಹತ್ತಿರ ಬಂದಂತೆ. ನೋಡುತ್ತಾ ಹೊಲಿಯುವವಳು ಪ್ರತಿ ಸಲ ತಲೆಯಲ್ಲಿ ಅದನ್ನು ತಿರುಗಿಸಿಕೊಳ್ಳಬೇಕು. ಆದ್ದರಿಂದ ಫೋನು ಹೊಲಿಯುವವಳ ಕಣ್ಣಿನ ಕಡೆಯಿಂದಲೇ ನೋಡಬೇಕು. ಅಂದರೆ ನೆತ್ತಿಯ ಮೇಲಿನಿಂದ ನೇರ ಕೆಳಕ್ಕೆ, ಇಲ್ಲವೇ ಎಡ ಹೆಗಲ ಮೇಲಿನಿಂದ ಇಣುಕಿದ ಹಾಗೆ. ಬಲ ಹೆಗಲು ಬೇಡ, ಸೂಜಿ ಹಿಡಿದ ಕೈಯೇ ಅಡ್ಡ ಬರುತ್ತದೆ. ನೀವು ಎಡಚರಾದರೆ ಇದನ್ನು ಅದಲು ಬದಲು ಮಾಡಿಕೊಳ್ಳಿ, ಮತ್ತು ದಯವಿಟ್ಟು ಹಾಗೇ ಎಡಗೈಯಲ್ಲೇ ಹೊಲಿದು ವಿಡಿಯೋ ಹಾಕಿ. ಎಡಗೈಯವರಿಗೆ ಕಲಿಸುವ ವಿಡಿಯೋ ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮೇಲಿನಿಂದ ತೆಗೆಯಲು ದುಡ್ಡು ಕೊಟ್ಟು ಸ್ಟ್ಯಾಂಡ್ ತರಲೇಬೇಕು ಅಂತಿಲ್ಲ. ತೋಟದ ಮನೆ ಅಂದ ಮೇಲೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಇದ್ದೇ ಇರುತ್ತದೆ. ಒಂದು ನೇರವಾದ ದಬ್ಬೆ ತೆಗೆದುಕೊಂಡು ಎರಡು ಕುರ್ಚಿಯ ಬೆನ್ನಿನ ಮೇಲೆ ಅಡ್ಡ ಹಾಕಿ, ಎರಡೂ ತುದಿಗೆ ಹಗ್ಗ ಬಿಗಿಯಿರಿ. ನಡುವೆ ಫೋನನ್ನು ಕ್ಯಾಮೆರಾ ಕೆಳಗೆ ನೋಡುವಂತೆ, ಲೆನ್ಸ್ ದಬ್ಬೆಯಿಂದ ಆಚೆ ಇರುವಂತೆ ಇಟ್ಟು ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಎರಡು ಕಡೆ ಬಿಗಿ ಸುತ್ತಿ. ಸಿಬಿರು ಚುಚ್ಚದಂತೆ ಮಧ್ಯೆ ಒಂದು ಬಟ್ಟೆ ಸುತ್ತಿಕೊಳ್ಳಿ. ಬಿಗಿಯಾಗಿದೆಯಾ ಅಂತ ಮೊದಲು ಕೆಳಗೆ ದಿಂಬು ಇಟ್ಟು ನೋಡಿ. ಕೂತು ಹೊಲಿಯಲು ಕೆಳಗೆ ಒಂದು ಮಣೆ ಅಥವಾ ಚಿಕ್ಕ ಮೇಜು. ಬಟ್ಟೆಯಿಂದ ಫೋನಿಗೆ ಎರಡು ಗೇಣು ಅಂತರ ಇದ್ದರೆ ಹನ್ನೆರಡು ಇಂಚಿನ ತುಂಡು, ಎರಡು ಕೈ, ಎಲ್ಲ ಆರಾಮಾಗಿ ಬರುತ್ತದೆ. ತಲೆ ಬಗ್ಗಿಸಿ ಹೊಲಿಯುವ ಅಭ್ಯಾಸ ನಮಗೆಲ್ಲ ಇದೆ, ಬಗ್ಗಿದರೆ ವಿಡಿಯೋದಲ್ಲಿ ಬರೀ ಬೈತಲೆ ಕಾಣುತ್ತದೆ. ಸ್ವಲ್ಪ ಹಿಂದೆ ಒರಗಿ ಕೂತು, ಕೈ ಮಾತ್ರ ಮುಂದೆ ಚಾಚಿ.

ಫೋನನ್ನು ಹೀಗೆ ಅಂಗಾತ ಮಲಗಿಸಿದಾಗ ಅದಕ್ಕೆ ಯಾವುದು ಅಡ್ಡ ಯಾವುದು ಉದ್ದ ಅಂತ ಗೊತ್ತಾಗುವುದಿಲ್ಲ. ಕಟ್ಟುವ ಮುಂಚೆ ಕ್ಯಾಮೆರಾ ತೆರೆದು, ಫೋನನ್ನು ಅಡ್ಡಲಾಗಿ ನೇರ ಹಿಡಿದು, ಪರದೆಯ ಗುರುತುಗಳು ಅಡ್ಡಕ್ಕೆ ತಿರುಗಿದ ಮೇಲೆ ನಿಧಾನ ಮಲಗಿಸಿ. ಇಲ್ಲದಿದ್ದರೆ ಅರ್ಧ ಗಂಟೆ ತೆಗೆದದ್ದು ತಲೆಕೆಳಗಾಗಿ ಸಿಗುತ್ತದೆ. ಕಲಿಸುವ ವಿಡಿಯೋ ಅಡ್ಡಕ್ಕೇ ಇರಲಿ. ಉದ್ದನೆಯದ್ದು ಶಾರ್ಟ್ಸ್‌ಗೆ ಸರಿ, ಯೂಟ್ಯೂಬಿನಲ್ಲಿ ಈಗ ಮೂರು ನಿಮಿಷದವರೆಗೂ ಶಾರ್ಟ್ಸ್ ಹಾಕಬಹುದು. ಆದರೆ ಡಬ್ಬಿಗೆ ಒರಗಿಸಿದ ಫೋನು ಸಾಮಾನ್ಯವಾಗಿ ಅಡ್ಡವೇ ಇರುತ್ತದೆ ಅಲ್ವಾ?

ಹತ್ತಿರದ ಶಾಟ್‌ಗೆ ಫೋನನ್ನು ಬಟ್ಟೆಗೆ ತಾಗುವಷ್ಟು ತಂದರೆ ಫೋಕಸ್ ಕೂರುವುದಿಲ್ಲ, ಮೇಲಾಗಿ ಫೋನಿನ ನೆರಳೇ ಬೀಳುತ್ತದೆ. ಒಂದು ಗೇಣು ದೂರದಲ್ಲೇ ಇಟ್ಟು ಎರಡು ಪಟ್ಟು ಜೂಮ್ ಮಾಡಿ. ಅದಕ್ಕಿಂತ ಜಾಸ್ತಿ ಎಳೆದರೆ ಬಹಳಷ್ಟು ಫೋನುಗಳಲ್ಲಿ ಚಿತ್ರ ಮಸುಕಾಗುತ್ತದೆ.

ಬೆಳಕು ಪಕ್ಕದಿಂದ ಬರಲಿ

ನಮ್ಮ ಹಳೇ ಹೆಂಚಿನ ಮನೆಗಳ ಒಳಗೆ ಹಗಲಲ್ಲೂ ಮಬ್ಬು. ಮಳೆ ಹೊಡೆತ ತಡೆಯಲು ಮಾಡನ್ನು ಅಷ್ಟು ಕೆಳಗೆ ಇಳಿಸಿರುತ್ತಾರೆ, ಬೆಳಕು ಎಲ್ಲಿಂದ ಬರಬೇಕು? ಹಾಗಾಗಿ ಜಗಲಿಯೇ ನಮ್ಮ ಸ್ಟುಡಿಯೋ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಒಳ್ಳೆಯ ಬೆಳಕು. ನೇರ ಬಿಸಿಲು ಮಾತ್ರ ಬೀಳಬಾರದು, ಬಿದ್ದರೆ ಬಿಳಿ ಬಟ್ಟೆ ಸುಣ್ಣದ ಗೋಡೆಯಾಗಿ ಹೊಲಿಗೆ ಅಳಿಸಿಹೋಗುತ್ತದೆ. ಮೋಡ ಮುಚ್ಚಿದ ದಿನ ಬೇಸರ ಮಾಡಿಕೊಳ್ಳಬೇಡಿ. ಕೈಯ ನೆರಳು ಗಟ್ಟಿಯಾಗಿ ಬೀಳದ, ಹದವಾದ ಬೆಳಕು ಅವತ್ತೇ ಸಿಗುವುದು. ಮಾಡಿನಲ್ಲಿ ಗಾಜಿನ ಹೆಂಚು ಇರುವ ಜಾಗವೂ ನಡೆಯುತ್ತದೆ, ಆದರೆ ಅಲ್ಲಿ ಬೆಳಕು ನೆತ್ತಿಯಿಂದ ಬರುತ್ತದೆ, ಅದರಲ್ಲೊಂದು ತೊಂದರೆ ಇದೆ.

ಕೌದಿಯ ಚಂದ ಅದರ ಏರುತಗ್ಗಿನಲ್ಲಿದೆ. ಸಾಲು ಹೊಲಿಗೆ ಬಿದ್ದಲ್ಲಿ ಬಟ್ಟೆ ತಗ್ಗುತ್ತದೆ, ನಡುವೆ ಉಬ್ಬುತ್ತದೆ. ಬೆಳಕು ಮೇಲಿನಿಂದ ಬಂದರೆ ಎಲ್ಲ ಚಪ್ಪಟೆ. ಅದೇ ಪಕ್ಕದಿಂದ, ಬಟ್ಟೆಗೆ ಓರೆಯಾಗಿ ಬಂದರೆ ಒಂದೊಂದು ಉಬ್ಬಿಗೂ ಸಣ್ಣ ನೆರಳು ಬಿದ್ದು ಸಾಲುಗಳು ಎದ್ದು ಕಾಣುತ್ತವೆ. ಒಂದು ಸಣ್ಣ ಪರೀಕ್ಷೆ ಮಾಡಿ. ಹೊಲಿದ ತುಂಡನ್ನು ಕಿಟಕಿ ಹತ್ತಿರ ಇಟ್ಟು ಅದನ್ನೇ ಸುತ್ತ ತಿರುಗಿಸುತ್ತಾ ನೋಡಿ. ಒಂದು ದಿಕ್ಕಿನಲ್ಲಿ ಹೊಲಿಗೆ ಮುಳುಗುತ್ತದೆ, ಇನ್ನೊಂದರಲ್ಲಿ ಎದ್ದು ನಿಲ್ಲುತ್ತದೆ. ಎದ್ದು ನಿಂತ ದಿಕ್ಕಿಗೇ ಕೂತು ಹೊಲಿಯಿರಿ. ಬಲಗೈಯವರಾದರೆ ಬೆಳಕು ಎಡದಿಂದ ಬರಲಿ, ಆಗ ಕೈಯ ನೆರಳು ಸೂಜಿ ಮೇಲೆ ಬೀಳುವುದಿಲ್ಲ. ಬಲಗಡೆ ತೀರಾ ಕತ್ತಲಾಯಿತು ಅನ್ನಿಸಿದರೆ ಒಂದು ಬಿಳಿ ಪಂಚೆಯನ್ನೋ ಥರ್ಮಾಕೋಲ್ ಹಾಳೆಯನ್ನೋ ಆ ಕಡೆ ನಿಲ್ಲಿಸಿ, ಬೆಳಕು ತಿರುಗಿ ಬಡಿಯುತ್ತದೆ.

ಮೋಡ ಸರಿದಾಗೆಲ್ಲ ಫೋನು ತನ್ನಷ್ಟಕ್ಕೆ ಚಿತ್ರವನ್ನು ಬೆಳಗಿಸುತ್ತದೆ, ಮಬ್ಬು ಮಾಡುತ್ತದೆ. ಬಿಳಿ ಬಟ್ಟೆ ಮೇಲೆ ಕೈ ಬಂದರೂ ಅದೇ ಕತೆ. ರೆಕಾರ್ಡ್ ಒತ್ತುವ ಮುಂಚೆ ಪರದೆಯಲ್ಲಿ ಬಟ್ಟೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ಸೂ ಬೆಳಕೂ ಲಾಕ್ ಆದ ಗುರುತು ಬರುತ್ತದೆ. ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ಒಂಚೂರು ಕೆಳಗೆ ಎಳೆಯಿರಿ. ಕಡುಗೆಂಪು ಬಟ್ಟೆ ಇದ್ದರಂತೂ ಇದು ಬೇಕೇ ಬೇಕು. ಇಲ್ಲದಿದ್ದರೆ ಕೆಂಪೆಲ್ಲ ಒಂದೇ ಮುದ್ದೆಯಾಗಿ ನೇಯ್ಗೆ ಕಾಣುವುದಿಲ್ಲ.

ಸಂಜೆ, ರಾತ್ರಿ ಲೈಟಿನಲ್ಲಿ ತೆಗೆಯುವವರಿಗೆ ಇನ್ನೊಂದು ಮಾತು. ನಮ್ಮ ಕರೆಂಟು 50 ಹರ್ಟ್ಸ್. ಅದಕ್ಕೆ ಉರಿಯುವ ಬಹಳಷ್ಟು ಬಲ್ಬು, ಟ್ಯೂಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವಿಡಿಯೋದಲ್ಲಿ ಮಾತ್ರ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಜಾರುತ್ತಿರುತ್ತವೆ. ಫೋನಿನ ಕ್ಯಾಮೆರಾದಲ್ಲಿ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ, ಪಟ್ಟೆ ಹೋಗುತ್ತದೆ. ಕೆಲವು ಫೋನುಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆಂಟಿ ಫ್ಲಿಕರ್ ಅಂತಲೇ ಇರುತ್ತದೆ, ಅದರಲ್ಲಿ 50 ಹರ್ಟ್ಸ್ ಆರಿಸಿ. ಕಿಟಕಿ ಬೆಳಕು ಮತ್ತು ಹಳದಿ ಬಲ್ಬು ಎರಡನ್ನೂ ಸೇರಿಸಬೇಡಿ. ಬಟ್ಟೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಅರಿಶಿನ ಹಚ್ಚಿದ ಹಾಗೆ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ. ಲೈಟು ಕೊಳ್ಳುವುದೇ ಆದರೆ ಪವರ್ ಬ್ಯಾಂಕಿನಿಂದ ಉರಿಯುವ ಯುಎಸ್‌ಬಿ ಲೈಟು ಕೊಳ್ಳಿ.

ಲೆನ್ಸ್ ಒರೆಸಿಕೊಂಡಿರಾ? ತಲೆಗೆ ಎಣ್ಣೆ ಹಚ್ಚಿದ ಕೈ, ದೋಸೆ ತಿಂದ ಕೈ ಎಲ್ಲ ಅದರ ಮೇಲೇ. ಹಳೇ ಹತ್ತಿ ಸೀರೆ ಚೂರಿಗಿಂತ ಒಳ್ಳೆಯ ಒರೆಸುವ ಬಟ್ಟೆ ಇಲ್ಲ.

ಗಂಟು ಬಚ್ಚಿಡುವುದನ್ನು ವಿಡಿಯೋದಲ್ಲಿ ತೆಗೆಯುವ ಬಗೆ

ಎಲ್ಲವನ್ನೂ ಒಂದೇ ವೇಗದಲ್ಲಿ ತೋರಿಸುವುದು ಕಲಿಸುವ ವಿಡಿಯೋದ ದೊಡ್ಡ ರೋಗ. ಸಾಲು ಹೊಲಿಗೆ ಯಾರಿಗೂ ಕಷ್ಟವಲ್ಲ. ನಾಲ್ಕು ಬೆರಳಗಲ ನಿಜವಾದ ವೇಗದಲ್ಲಿ ತೋರಿಸಿ, ಇಂಚಿಗೆ ನಾಲ್ಕೈದು ಹೊಲಿಗೆ ಬಂದರೆ ಸಾಕು ಅಂತ ಹೇಳಿ, ಉಳಿದದ್ದನ್ನು ಓಡಿಸಿಬಿಡಿ. ಜನ ಸಿಕ್ಕಿಬೀಳುವುದು ಶುರುವಿನಲ್ಲಿ, ಮೂಲೆಯಲ್ಲಿ, ದಾರದ ಕೊನೆಯಲ್ಲಿ. ಅಲ್ಲಿ ನಿಲ್ಲಿ, ಎಷ್ಟು ಬೇಕಾದರೂ ನಿಲ್ಲಿ.

ಶುರುವಿನ ಗಂಟನ್ನೇ ತೆಗೆದುಕೊಳ್ಳೋಣ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಜಾಸ್ತಿಯಾದರೆ ಸಿಕ್ಕಾಗುತ್ತದೆ. ತುದಿಗೆ ಸಣ್ಣ ಗಂಟು. ಹೊಲಿಗೆ ಶುರುವಾಗಬೇಕಾದ ಜಾಗದಿಂದ ಒಂದು ಇಂಚು ಆಚೆ ಸೂಜಿಯನ್ನು ಮೇಲಿನ ಬಟ್ಟೆಯೊಳಗೆ ತೂರಿಸಿ, ಕೆಳಗಿನ ಬಟ್ಟೆಗೆ ತಾಗದ ಹಾಗೆ ಪದರಗಳ ನಡುವೆಯೇ ಓಡಿಸಿ, ಶುರುವಿನ ಜಾಗದಲ್ಲಿ ಮೇಲೆ ತೆಗೆಯಬೇಕು. ಈಗ ಗಂಟು ಬಟ್ಟೆ ಮೇಲೆ ಕೂತಿರುತ್ತದೆ. ದಾರವನ್ನು ಮೆಲ್ಲಗೆ ಜಗ್ಗಿದರೆ ‘ಟಪ್’ ಅಂತ ಒಂದು ಸಣ್ಣ ಸದ್ದು, ಗಂಟು ಒಳಗೆ. ಬಟ್ಟೆಯ ಮೇಲೆ ಒಂದು ಕ್ಷಣ ಸಣ್ಣ ಗುಳಿ ಬೀಳುತ್ತದೆ, ಉಗುರಿನಿಂದ ಸವರಿದರೆ ಅದೂ ಮಾಯ.

ಇಷ್ಟು ಕೆಲಸಕ್ಕೆ ಮೂರು ಶಾಟ್ ಬೇಕು. ಒಂದು, ಮೇಲಿನಿಂದ ಪೂರ್ತಿ ತುಂಡು, ಸೂಜಿ ಎಲ್ಲಿ ಒಳಹೋಗುತ್ತದೆ ಅಂತ ಬೆರಳಿಟ್ಟು ತೋರಿಸುವುದು. ಎರಡು, ಹತ್ತಿರದಿಂದ, ಪದರದೊಳಗೆ ಸೂಜಿ ಹೋಗುವಾಗ ಬಟ್ಟೆ ಮೇಲೆ ಅದರ ಉಬ್ಬು ಓಡುವುದು. ಓರೆ ಬೆಳಕಿದ್ದರೆ ಈ ಉಬ್ಬು ಎಷ್ಟು ಸ್ಪಷ್ಟ ಕಾಣುತ್ತದೆ ಅಂದರೆ ಬೇರೆ ವಿವರಣೆಯೇ ಬೇಡ. ಮೂರು, ಇನ್ನೂ ಹತ್ತಿರದಿಂದ, ಗಂಟು ಒಳಗೆ ಬೀಳುವುದು. ಈ ಮೂರನೆಯದನ್ನು ನಾಲ್ಕೈದು ಬೇರೆ ಬೇರೆ ಗಂಟು ಹಾಕಿ ತೆಗೆಯಿರಿ, ಒಂದಾದರೂ ಸರಿ ಬರುತ್ತದೆ. ಶಾಟ್ ಶುರುವಾದಾಗಲೂ ಮುಗಿದಾಗಲೂ ಕೈಯನ್ನು ಎರಡು ಮೂರು ಸೆಕೆಂಡು ಅಲ್ಲಾಡಿಸದೆ ಇಟ್ಟುಕೊಳ್ಳಿ, ಆಮೇಲೆ ಜೋಡಿಸುವಾಗ ಕತ್ತರಿಸಲು ಜಾಗ ಸಿಗುತ್ತದೆ.

ಆಮೇಲೆ ತುಂಡನ್ನು ತಿರುಗಿಸಿ ಹಿಂಭಾಗ ತೋರಿಸಿ. ಇದನ್ನು ಎಷ್ಟೋ ಜನ ತೋರಿಸುವುದೇ ಇಲ್ಲ! ಕಲಿಯುವವರಿಗೆ ತಾವು ಮಾಡಿದ್ದು ಸರಿಯಾ ಅಂತ ಗೊತ್ತಾಗುವುದು ಹಿಂದಿನಿಂದಲೇ. ಹೊಲಿಗೆ ಎಲ್ಲ ಪದರ ಹಿಡಿದಿದೆಯಾ, ಕೆಳಗಿನ ಬಟ್ಟೆ ಎಲ್ಲಾದರೂ ನೆರಿಗೆ ಬಿದ್ದಿದೆಯಾ, ಹಿಂದೆ ಹೊಲಿಗೆ ಎಷ್ಟು ಉದ್ದ ಬರಬೇಕು. ಒಂದು ಕೆಟ್ಟ ತುಂಡನ್ನೂ ಬೇಕಂತಲೇ ಹೊಲಿದು ಪಕ್ಕದಲ್ಲಿಟ್ಟು ತೋರಿಸಿದರೆ ಇನ್ನೂ ಒಳ್ಳೆಯದು.

ಹೊಲಿಯುವವರು ನೀವಲ್ಲದೆ ಮನೆಯ ಹಿರಿಯರಾದರೆ ಕೆಲಸ ಬೇರೆಯೇ. ನಲವತ್ತು ಐವತ್ತು ವರ್ಷ ಹೊಲಿದ ಕೈಗೆ ತಾನು ಏನು ಮಾಡುತ್ತಿದ್ದೇನೆ ಅಂತ ಹೇಳಲು ಬರುವುದಿಲ್ಲ. ‘ಹೇಳುವುದೇನಿದೆ ಇದರಲ್ಲಿ, ಹೊಲಿದರಾಯಿತು’ ಅನ್ನುತ್ತಾರೆ. ಅವರನ್ನು ಕ್ಯಾಮೆರಾ ನೋಡಿ ಮಾತಾಡಿ ಅಂತ ಪೀಡಿಸಬೇಡಿ, ಪಕ್ಕದಲ್ಲಿ ಕೂತು ಕೇಳಿ. ‘ಅತ್ತೆ, ಮೂಲೆ ಬರುವ ಮುಂಚೆಯೇ ಯಾಕೆ ನಿಲ್ಲಿಸಿದಿರಿ?’ ಅಂದರೆ, ‘ಅಲ್ಲಿ ಬಟ್ಟೆ ಉಬ್ಬುತ್ತದಲ್ಲ ಮಾರಾಯ್ತಿ, ಎಡಗೈಲಿ ಒತ್ತಿ ಹಿಡಿಯದೆ ತಿರುಗಿಸಿದರೆ ಗೊಬ್ಬೆ ಕೂರುತ್ತದೆ’ ಅಂತ ತಾವಾಗಿಯೇ ಹೇಳುತ್ತಾರೆ. ಇಂಥ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಇಡೀ ವಿಡಿಯೋದ ಜೀವ ಅದೇ. ಮುಖ ತೋರಿಸುವುದು ಅವರಿಗೆ ಇಷ್ಟ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಬೇಡ ಅಂದರೆ ಬೇಡ, ಕೈ ಸಾಕು.

ಬೇರೆಯವರ ಕಲೆಯನ್ನು ತೋರಿಸುವಾಗಲೂ ಹಾಗೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಅನ್ನುವ ತೇಪೆ ಹೊದಿಕೆ ಬಹಳ ಚಂದ. ಅಂಚಿನಿಂದ ಶುರು ಮಾಡಿ ತೇಪೆ ಸೇರಿಸುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ‘ಫುಲ’, ಅಂದರೆ ಹೂವು, ಕೂರಿಸುತ್ತಾರೆ. ಆ ಕ್ರಮವನ್ನು ನೀವು ಕಲಿತು ತೋರಿಸುವುದಾದರೆ ಅದು ಅವರದ್ದು ಅಂತ ವಿಡಿಯೋದಲ್ಲೇ ಬಾಯಿಬಿಟ್ಟು ಹೇಳಿ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದರೆ ಯಾರೂ ಓದುವುದಿಲ್ಲ.

ಮಳೆ ಸದ್ದಿನಲ್ಲಿ ದನಿ

ಜೂನ್‌ನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೂತು ‘ಸದ್ದಿಲ್ಲದ ಹೊತ್ತು ನೋಡಿ ರೆಕಾರ್ಡ್ ಮಾಡಿ’ ಅಂತ ಸಲಹೆ ಕೊಟ್ಟರೆ ಜನ ನಗುತ್ತಾರೆ. ಆಗುಂಬೆಯವರಂತೂ ಕೇಳುವುದೇ ಬೇಡ. ಹೆಂಚಿನ ಮೇಲೆ ಬೀಳುವ ಮಳೆಯಾದರೂ ಪರವಾಗಿಲ್ಲ, ಅಂಗಳಕ್ಕೆ ತಗಡಿನ ಶೀಟು ಹಾಕಿಸಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಮಳೆ ಬಿಟ್ಟರೆ ಜೀರುಂಡೆ. ಆದ್ದರಿಂದ ಚಿತ್ರವನ್ನೂ ಮಾತನ್ನೂ ಬೇರೆ ಬೇರೆ ಮಾಡಿ. ಕೈ ಕೆಲಸವನ್ನು ಮಳೆ ಇರಲಿ ಬಿಡಲಿ ತೆಗೆದುಬಿಡಿ. ಮಾತನ್ನು ಆಮೇಲೆ, ಒಳಗಿನ ಕೋಣೆಯಲ್ಲಿ, ತೆಗೆದ ವಿಡಿಯೋ ನೋಡಿಕೊಂಡು ಹೇಳಿ. ಇದರಿಂದ ಇನ್ನೊಂದು ಲಾಭ. ಹೊಲಿಯುತ್ತಾ ಮಾತಾಡಿದರೆ ಮಾತೂ ತಡವರಿಸುತ್ತದೆ, ಹೊಲಿಗೆಯೂ ಸೊಟ್ಟಗಾಗುತ್ತದೆ.

ಕೋಣೆ ಗುಂಯ್ ಅನ್ನದ ಹಾಗೆ ಮಾಡಲು ಫೋಮು ಗೀಮು ಏನೂ ಬೇಡ, ನಿಮ್ಮ ಹತ್ತಿರ ಕೌದಿಯೇ ಇದೆಯಲ್ಲ. ಹಗ್ಗ ಕಟ್ಟಿ ಒಂದನ್ನು ನಿಮ್ಮ ಬೆನ್ನ ಹಿಂದೆ, ಇನ್ನೊಂದನ್ನು ಫೋನಿನ ಹಿಂದೆ ಇಳಿಬಿಡಿ. ಪದರ ಪದರದ ಹತ್ತಿ ಬಟ್ಟೆ ಗೋಡೆಯಿಂದ ತಿರುಗಿ ಬರುವ ದನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಫೋನಿನ ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ, ಉಸಿರು ನೇರ ಬಡಿಯಬಾರದು. ವೈರಿನ ಇಯರ್‌ಫೋನಿನ ಮೈಕೂ ನಡೆಯುತ್ತದೆ. ಕಾಲರ್ ಮೈಕು ಕೊಳ್ಳುವುದಾದರೆ ನಿಮ್ಮ ಫೋನಿಗೆ ಗುಂಡನೆಯ ಜಾಕ್ ಇದೆಯೋ ಇಲ್ಲಾ ಬರೀ ಟೈಪ್ ಸಿ ತೂತೋ ನೋಡಿಕೊಂಡು ಕೊಳ್ಳಿ. ಫ್ರಿಜ್, ಫ್ಯಾನು ಆರಿಸಿ. ಫ್ರಿಜ್ ಮತ್ತೆ ಹಾಕಲು ಮರೆಯಬೇಡಿ!

ಏನು ಹೇಳಬೇಕು ಅನ್ನುವುದು ಮೈಕಿಗಿಂತ ಮುಖ್ಯ. ‘ಈಗ ಹಿಂಗೆ ತಗೊಂಡು, ಹಿಂಗೆ ಹಾಕಿ, ಹಿಂಗೆ ಎಳೆಯಿರಿ’ ಅಂದರೆ ಪರದೆ ನೋಡದೆ ಬಟ್ಟೆ ನೋಡುತ್ತಿರುವವಳಿಗೆ ಏನು ತಿಳಿಯಬೇಕು? ‘ಸೂಜಿ ಮೇಲಿನ ಬಟ್ಟೆಯೊಳಗೆ ಮಾತ್ರ ಹೋಗಲಿ, ಕೆಳಗಿನ ಪದರ ಮುಟ್ಟುವುದು ಬೇಡ, ಒಂದು ಇಂಚು ಮುಂದೆ ಮೇಲೆ ತೆಗೆಯಿರಿ’ ಅನ್ನಿ. ಕಣ್ಣು ಮುಚ್ಚಿ ಕೇಳಿದರೂ ಅರ್ಥ ಆಗಬೇಕು. ಅಳತೆಯನ್ನು ಇಂಚಿನಲ್ಲೂ ಹೇಳಿ, ಬೆರಳು, ಗೇಣಿನಲ್ಲೂ ಹೇಳಿ, ಟೇಪು ಎಲ್ಲರ ಕೈಗೂ ಸಿಗುವಂತಿರುವುದಿಲ್ಲ. ಮಾತು ನಿಮ್ಮ ಮನೆಯ ಮಾತೇ ಇರಲಿ, ಟಿವಿ ಕನ್ನಡ ಬೇಡ. ಆರಂಭದ ‘ಹಾಯ್ ಫ್ರೆಂಡ್ಸ್’, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಅದೆಲ್ಲ ನನಗಂತೂ ಕಿರಿಕಿರಿ. ಮೊದಲ ಹತ್ತು ಸೆಕೆಂಡಿನಲ್ಲಿ ಮುಗಿದ ತುಂಡನ್ನು ತೋರಿಸಿ, ಇವತ್ತು ಏನು ಕಲಿಯುತ್ತೀರಿ, ಏನೇನು ಬೇಕು ಅಂತ ಹೇಳಿ ಶುರು ಮಾಡಿ.

ಜೋಡಿಸುವುದು, ಹಾಕುವುದು

ಕತ್ತರಿಸಿ ಜೋಡಿಸಲು ಫೋನಿನಲ್ಲೇ ಇನ್‌ಶಾಟ್, ಕೈನ್‌ಮಾಸ್ಟರ್ ಥರದ ಆ್ಯಪ್‌ಗಳಿವೆ. ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್ ಪುಕ್ಕಟೆ ಸಿಗುತ್ತದೆ, ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. ಮೊದಲು ಮಾತನ್ನು ಕೂರಿಸಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಚಿತ್ರ ಕತ್ತರಿಸಿ. ಉಲ್ಟಾ ಮಾಡಿದರೆ ಮಾತು ಓಡಬೇಕಾಗುತ್ತದೆ. ಸೂಜಿಗೆ ದಾರ ಪೋಣಿಸುವುದು, ಸಿಕ್ಕು ಬಿಡಿಸುವುದು ಎಲ್ಲ ತೆಗೆದುಹಾಕಿ. ಪರದೆ ಮೇಲೆ ಅಳತೆ ಬರೆಯುವುದಾದರೆ ದಪ್ಪ ಕನ್ನಡ ಅಕ್ಷರದಲ್ಲಿ, ಮೇಲ್ಭಾಗದಲ್ಲಿ ಬರೆಯಿರಿ. ಕೆಳಗೆ ಯೂಟ್ಯೂಬಿನ ಪಟ್ಟಿ ಬಂದು ಮುಚ್ಚುತ್ತದೆ. ಹಿಂದೆ ಸಿನಿಮಾ ಹಾಡು ಹಾಕಬೇಡಿ, ಹಕ್ಕಿನ ತಕರಾರು ಬರುತ್ತದೆ. ನನ್ನ ಕೇಳಿದರೆ ಸಂಗೀತವೇ ಬೇಡ, ದಾರ ಬಟ್ಟೆಯೊಳಗೆ ಸರಿಯುವ ಸದ್ದೇ ಸಾಕು.

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 1080ಪಿ, ಸೆಕೆಂಡಿಗೆ 30 ಫ್ರೇಮ್ ಆರಿಸಿ ತೆಗೆದರೆ ಸಾಕು. ಅದಕ್ಕೇ ಬಹಳಷ್ಟು ಫೋನುಗಳಲ್ಲಿ ನಿಮಿಷಕ್ಕೆ 100 ಎಂಬಿ ಆಸುಪಾಸು ಜಾಗ ಹೋಗುತ್ತದೆ. 4ಕೆ ಮಾಡಿದರೆ ಇನ್ನೂ ಎಷ್ಟೋ ಪಟ್ಟು ಜಾಸ್ತಿ, ನಮ್ಮ ಹಳ್ಳಿ ನೆಟ್‌ವರ್ಕಿನಲ್ಲಿ ಅದನ್ನು ಏರಿಸುವಷ್ಟರಲ್ಲಿ ಬೆಳಗಾಗುತ್ತದೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಬದಲು, ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗುವ ದಿನ ನೆಂಟರ ಮನೆಯ ವೈಫೈ ಕೇಳುವುದು ಲೇಸು. ಏರಿಸಿದ ಕೂಡಲೇ ಎಲ್ಲರಿಗೂ ತೆರೆಯಬೇಡಿ. ಮೊದಲಿಗೆ ಮಸುಕು ಚಿತ್ರವೇ ಸಿಗುತ್ತದೆ, ಎಚ್‌ಡಿ ತಯಾರಾಗಲು ಸ್ವಲ್ಪ ಹೊತ್ತು ಬೇಕು. ಅಲ್ಲಿಯವರೆಗೆ ಪ್ರೈವೇಟ್ ಇಡಿ. ಹದಿನೈದು ನಿಮಿಷಕ್ಕಿಂತ ಉದ್ದದ ವಿಡಿಯೋಗೆ ಫೋನ್ ನಂಬರ್ ಕೊಟ್ಟು ಖಾತೆ ದೃಢಪಡಿಸಿರಬೇಕು. ಹೆಸರಿನಲ್ಲಿ ‘ಕೌದಿ’ ಅಂತ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಹುಡುಕುವವರು ಎರಡೂ ಥರ ಹುಡುಕುತ್ತಾರೆ. ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಯಾವ ನಿಮಿಷಕ್ಕೆ ಏನಿದೆ ಅಂತ ಕನಿಷ್ಠ ಮೂರು ಸಾಲು ಬರೆದರೆ ವಿಡಿಯೋ ಅಧ್ಯಾಯಗಳಾಗಿ ಭಾಗವಾಗುತ್ತದೆ, ಒಂದೊಂದೂ ಹತ್ತು ಸೆಕೆಂಡಿಗಿಂತ ಚಿಕ್ಕದಿರಬಾರದು. ಮೂಲೆ ಮಾತ್ರ ನೋಡಬೇಕಾದವಳು ನೇರ ಅಲ್ಲಿಗೇ ಹೋಗುತ್ತಾಳೆ.

ದುಡ್ಡಿನ ಆಸೆ ಇದ್ದರೆ ಲೆಕ್ಕ ಗೊತ್ತಿರಲಿ. ಜಾಹೀರಾತಿನ ಪಾಲು ಸಿಗಲು ಯೂಟ್ಯೂಬಿನಲ್ಲಿ 1000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಕನ್ನಡದಲ್ಲಿ ಕೌದಿ ಹೊಲಿಗೆಗೆ ಅಷ್ಟು ಬೇಗ ಅದು ಆಗುವ ಮಾತಲ್ಲ. ಹೊಲಿದ ಕೌದಿಗೆ ಗಿರಾಕಿ ಸಿಗುವ ಸಾಧ್ಯತೆ ಅದಕ್ಕಿಂತ ಜಾಸ್ತಿ.

ಎಲ್ಲರಿಗೂ ತೆರೆಯುವ ಮುಂಚೆ ಒಬ್ಬರಿಗೆ ತೋರಿಸಿ. ಹೊಲಿಗೆ ಗೊತ್ತಿಲ್ಲದವರೇ ಆಗಬೇಕು, ಪಕ್ಕದ ಮನೆ ಹುಡುಗಿಯೋ, ರಜೆಗೆ ಬಂದ ತಮ್ಮನೋ. ಕೈಗೆ ಸೂಜಿ ದಾರ, ಎರಡು ತುಂಡು ಬಟ್ಟೆ ಕೊಟ್ಟು, ಫೋನನ್ನು ಡಬ್ಬಿಗೆ ಒರಗಿಸಿ, ನೀವು ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ, ಇದು ಬಹಳ ಕಷ್ಟ. ಎಲ್ಲಿ ಸೂಜಿ ನಿಂತಿತು, ಎಲ್ಲಿ ‘ಹಾಂ? ಏನಂದರು?’ ಅಂತ ಹಿಂದಕ್ಕೆ ಎಳೆದರು, ಆ ನಿಮಿಷ ಸೆಕೆಂಡನ್ನು ಬರೆದಿಟ್ಟುಕೊಳ್ಳಿ. ಆ ಶಾಟನ್ನು ಮಾತ್ರ ಮತ್ತೆ ತೆಗೆದು, ಮಾತನ್ನು ತಿದ್ದಿ, ನಡುವೆ ಸೇರಿಸಿ. ಅದಕ್ಕಾಗಿ ವಿಡಿಯೋ ಹೊರಗೆ ಹೋಗುವವರೆಗೂ ಆ ಸ್ಯಾಂಪಲ್ ತುಂಡನ್ನು ಮುಗಿಸಬೇಡಿ, ಒಗೆಯಬೇಡಿ, ಉಳಿದ ದಾರವನ್ನೂ ಅದರ ಜೊತೆಗೇ ಸುತ್ತಿಡಿ. ಮಳೆಗಾಲವಾದರೆ ಡಬ್ಬಿಯೊಳಗೆ ಮುಚ್ಚಿಡಿ, ಹೊರಗೆ ಬಿಟ್ಟರೆ ಬೂಷ್ಟು ಹಿಡಿದು ಬಣ್ಣವೇ ಬೇರೆಯಾಗುತ್ತದೆ.